ಒಂದು ಮಳೆಗಾಲ ನೋಡಿ ಕಡಲಿನ ಲೆಕ್ಕ ಹಾಕಬೇಡಿ

ನಿನ್ನೆ ಹುಬ್ಬಳ್ಳಿಯ ಖಾನಾವಳಿಯೊಂದರಲ್ಲಿ ಊಟಕ್ಕೆ ಕೂತಿದ್ದೆ. ಟಿವಿಯಲ್ಲಿ ಕಡಲ್ಕೊರೆತದ ಸುದ್ದಿ. ಬುಡದ ಮಣ್ಣೆಲ್ಲ ಹೋಗಿ, ಬೇರು ಹೊರಗೆ ಬಿದ್ದು ವಾಲಿದ ತೆಂಗಿನಮರ. ಅದರ ಪಕ್ಕ ಬಂಡೆಗಲ್ಲು ಸುರಿಯುತ್ತಿರುವ ಲಾರಿ. ಅಷ್ಟೇ, ಸುದ್ದಿ ಮುಗೀತು. ಪ್ರತಿ ಮಳೆಗಾಲದಲ್ಲೂ ಇದೇ. ನನಗೆ ಸಿಟ್ಟು ಬರೋದು ಇಲ್ಲೇ. ಈ ದಂಡೆ ಮೂವತ್ತು ವರ್ಷದ ಹಿಂದೆ ಎಲ್ಲಿತ್ತು ಅಂತ ಒಬ್ಬರೂ ಕೇಳಲ್ಲ.

ಮಳೆಗಾಲದ ದೊಡ್ಡ ಅಲೆಗಳು ದಂಡೆಯ ಉಸುಕನ್ನು ಎಳೆದುಕೊಂಡು ಹೋಗುತ್ತವೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದರಲ್ಲಿ ಸಾಕಷ್ಟನ್ನು ವಾಪಸ್ ತಂದು ಹಾಕುತ್ತವೆ. ಜುಲೈನಲ್ಲಿ ಹೋದದ್ದೆಲ್ಲ ಕಾಯಂ ಹೋದದ್ದಲ್ಲ. ಹಾಗಾಗಿ ವರ್ಷ ವರ್ಷವೂ ಅದೇ ತಿಂಗಳಲ್ಲಿ ನೋಡಬೇಕು. ಭರತ, ಇಳಿತದ ಹೊತ್ತನ್ನೂ ಗಮನಿಸಬೇಕು. ಸಪಾಟಾದ ದಂಡೆಯಲ್ಲಿ ನೀರು ಒಂದು ಮೀಟರ್ ಇಳಿದರೆ ಅದರ ಅಂಚು ಹತ್ತಾರು ಮೀಟರ್ ಹಿಂದೆ ಸರಿಯುತ್ತದೆ.

ಇದಕ್ಕೆಲ್ಲ ಚಿತ್ರಗಳಿಲ್ಲವಾ? ಇವೆ! ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ತೆಗೆಯುತ್ತಲೇ ಇವೆ. 2008ರಿಂದ ಎಲ್ಲರಿಗೂ ಪುಕ್ಕಟೆ. ದಂಡೆಗೆ ಅಡ್ಡಲಾಗಿ ಐವತ್ತೋ ನೂರೋ ಮೀಟರಿಗೊಂದು ಗೆರೆ ಎಳೆಯಬೇಕು. ಯಾವ ವರ್ಷ ನೀರಿನ ಅಂಚು ಆ ಗೆರೆಯನ್ನು ಎಲ್ಲಿ ಮುಟ್ಟಿದೆ ಅಂತ ಗುರುತು ಹಾಕಬೇಕು. ವರ್ಷಕ್ಕೆ ಎಷ್ಟು ಮೀಟರ್ ಅಂತ ಲೆಕ್ಕ ಸಿಗುತ್ತದೆ. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಬದಲಾವಣೆಯನ್ನು ಹೀಗೇ ಉಪಗ್ರಹ ಚಿತ್ರಗಳಿಂದ ನೋಡಿದೆ. ದೇಶದ ಕರಾವಳಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊರೆದುಹೋಗುತ್ತಿದೆ. ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಕಡೆ ದಂಡೆ ಬೆಳೆಯುತ್ತಿದೆ. ಹೌದು, ಬೆಳೆಯುತ್ತಿದೆ. ಒಂದು ದಿನದ ವಿಡಿಯೊದಲ್ಲಿ ಇದು ಕಾಣುತ್ತಾ ಹೇಳಿ?

ಮನೆ ಬೀಳುತ್ತಿರುವಾಗ ಅಳತೆ ಹಿಡಿದು ಕೂರಬೇಕಾ ಅಂತ ಕೇಳುವವರಿದ್ದಾರೆ. ಮನೆ ಉಳಿಸಲು ಕಲ್ಲು ಹಾಕಿ, ಬೇಡ ಅನ್ನಲ್ಲ. ಆದರೆ ದಂಡೆಗುಂಟ ಉಸುಕು ಸದಾ ಸಾಗುತ್ತಿರುತ್ತದೆ. ಒಂದು ಕಡೆ ಅದನ್ನು ತಡೆದರೆ ಪಕ್ಕದ ಊರಿಗೆ ಬರುವುದು ನಿಲ್ಲುತ್ತದೆ, ಅಲ್ಲಿ ಕೊರೆತ ಶುರುವಾಗುತ್ತದೆ. ಅಳತೆ ಇಲ್ಲದೆ ಸುರಿದ ಕಲ್ಲು ಒಬ್ಬರ ಮನೆ ಉಳಿಸಿ ಇನ್ನೊಬ್ಬರ ಅಂಗಳ ಕಳೆಯಬಹುದು.

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, "ಅದು ಕರಾವಳಿ ಮಂದೀದು ಬಿಡ್ರಿ, ನಮಗ್ಯಾಕ" ಅಂದರು. ತಡೆಯಲಾಗಲಿಲ್ಲ. ಅಲ್ರೀ, ಧಾರವಾಡದ ಸೋಮೇಶ್ವರ ಗುಡಿ ಹತ್ತಿರ ಹುಟ್ಟುವ ಶಾಲ್ಮಲೆ ಬೇಡ್ತಿಯ ಜೊತೆ ಸೇರಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಅಂಕೋಲಾ, ಗೋಕರ್ಣದ ನಡುವೆ ಕಡಲು ಸೇರುತ್ತಾಳಲ್ಲ? ದಂಡೆಗೆ ಉಸುಕು ತಂದುಕೊಡುವುದು ಹೊಳೆಗಳೇ. ಕಾಳಿ, ಶರಾವತಿಗೆ ಅಣೆಕಟ್ಟು ಕಟ್ಟಿ ಆ ಉಸುಕನ್ನು ಮೇಲೇ ತಡೆದಿದ್ದೇವೆ. ಆ ಕರೆಂಟು ನಮ್ಮ ಮನೆಗಳಲ್ಲೂ ಉರಿಯುತ್ತಿದೆ.

ಉಪಗ್ರಹ ಚಿತ್ರ ಓದಲು ಬರುವ ಧಾರವಾಡದ ಹುಡುಗ ಹುಡುಗಿಯರೇ, ಗಂಗಾವಳಿ ಅಳಿವೆಯಿಂದ ಶುರು ಮಾಡಿ. ಪ್ರತಿ ವರ್ಷದ ಡಿಸೆಂಬರ್ ಚಿತ್ರ ತೆಗೆದುಕೊಳ್ಳಿ. ನಕ್ಷೆ ಸಿದ್ಧವಾದರೆ ಕನ್ನಡದಲ್ಲೇ ಹೆಸರು ಬರೆದು, ಮೊದಲು ಅಲ್ಲಿನ ಮೀನುಗಾರರ ಕೈಗೆ ಕೊಡೋಣ. ಮುದ್ರಣದ ಖರ್ಚು ನನ್ನದು.