ಬಾರ್‌ಕೋಡಿನ ಮೊದಲ ಮೂರು ಅಂಕಿ ಏನು ಹೇಳುತ್ತವೆ?

"ಬಾರ್‌ಕೋಡ್ 890ರಿಂದ ಶುರುವಾದರೆ ಭಾರತದಲ್ಲಿ ತಯಾರಾದದ್ದು, 690ರಿಂದ 699 ಇದ್ದರೆ ಚೀನಾದ್ದು." ಈ ಮೆಸೇಜ್ ನಿಮಗೂ ಬಂದಿರಬಹುದು. ಪೂರ್ತಿ ಸುಳ್ಳಲ್ಲ, ಅದಕ್ಕೇ ಇಷ್ಟು ಚೆನ್ನಾಗಿ ಓಡುತ್ತದೆ.

ಆ ಅಂಕಿಗಳು ಹೇಳುವುದು ಇಷ್ಟೇ: ಕಂಪನಿ ತನ್ನ ನಂಬರನ್ನು, ಬಾರ್‌ಕೋಡ್ ನಂಬರ್ ಹಂಚುವ ಜಿಎಸ್‌1 ಸಂಸ್ಥೆಯ ಯಾವ ದೇಶದ ಶಾಖೆಯಿಂದ ಪಡೆಯಿತು ಎಂದು. ಭಾರತದಲ್ಲಿ ನಂಬರ್ ಪಡೆದ ಕಂಪನಿ ಮಾಲನ್ನು ಬೇರೆ ದೇಶದಲ್ಲಿ ಮಾಡಿಸಿದರೂ ಲೇಬಲ್ ಮೇಲೆ 890 ಎಂದೇ ಇರುತ್ತದೆ. ಪುಸ್ತಕಗಳ ಬಾರ್‌ಕೋಡ್ ನೋಡಿ, 978 ಅಥವಾ 979. ಅದ್ಯಾವ ದೇಶ? ಯಾವುದೂ ಅಲ್ಲ, ಪುಸ್ತಕಗಳಿಗೆಂದೇ ಎತ್ತಿಟ್ಟ ಸಂಖ್ಯೆ. 20ರಿಂದ 29ರವರೆಗೆ ಶುರುವಾಗುವವು ಅಂಗಡಿಯವರು ತಮ್ಮೊಳಗೆ ಬಳಸಿಕೊಳ್ಳಲು. ತೂಕ ಮಾಡಿ ಕೊಡುವ ವಸ್ತುಗಳ ಮೇಲೆ ಇವು ಕಾಣುತ್ತವೆ.

ಲೇಬಲ್ ಮಾಡಿಸುವವರೂ ಈ ಮೆಸೇಜ್ ನಂಬಿ ಸುಮ್ನೆ 890 ಹಾಕಿ ಉಳಿದ ಅಂಕಿ ತಾವೇ ಸೇರಿಸುವುದುಂಟು. ಹಾಗೆ ಮಾಡಬೇಡಿ. ಆ ನಂಬರ್ ಈಗಾಗಲೇ ಬೇರೆಯವರದ್ದಾಗಿರಬಹುದು. ಕೊನೆಯ, ಅಂದರೆ ಹದಿಮೂರನೆಯ ಅಂಕಿಯಂತೂ ಮೊದಲ ಹನ್ನೆರಡರಿಂದ ಲೆಕ್ಕ ಹಾಕಿ ಬರುವಂಥದ್ದು, ತಪ್ಪಿದರೆ ಸ್ಕ್ಯಾನರ್ ಒಪ್ಪುವುದೇ ಇಲ್ಲ.

ಇನ್ನೊಂದು ಮಾತು, ಚಂದಕ್ಕೆಂದು ಬಿಳಿ ಮೇಲೆ ಕೆಂಪು ಗೆರೆ ಮುದ್ರಿಸಬೇಡಿ. ಎಷ್ಟೋ ಸ್ಕ್ಯಾನರ್‌ಗಳ ಬೆಳಕೇ ಕೆಂಪು, ಅದಕ್ಕೆ ಆ ಗೆರೆಗಳು ಕಾಣುವುದಿಲ್ಲ. ಎರಡೂ ಬದಿಯ ಖಾಲಿ ಜಾಗವನ್ನೂ ಕತ್ತರಿಸಬೇಡಿ.

ಎಲ್ಲಿ ತಯಾರಾಯಿತು ಅಂತ ತಿಳಿಯಬೇಕಾ? ಪ್ಯಾಕೆಟ್ ತಿರುಗಿಸಿ, ತಯಾರಾದ ದೇಶದ ಹೆಸರು ಅಕ್ಷರಗಳಲ್ಲಿ ಬರೆದಿದೆಯಾ ನೋಡಿ.