ಟೊಮೆಟೊಗೂ ಮನೆ ಸಾಲಕ್ಕೂ ಏನು ಸಂಬಂಧ?

ತರಕಾರಿ ಗಾಡಿಯವನು ಕೆಜಿ ಲೆಕ್ಕ ಬಿಟ್ಟು ‘ಕಾಲು ಕೆಜಿ ಮೂವತ್ತು’ ಅಂತ ಕೂಗಲು ಶುರು ಮಾಡಿದರೆ, ದೇಶದ ಆರ್ಥಿಕತೆ ನಮ್ಮ ಬೀದಿಗೇ ಬಂತು ಅಂತ ತಿಳಿಯಬೇಕು. 2023ರ ಜುಲೈನಲ್ಲಿ ಹಾಗೇ ಆಯಿತು. ಕೋಲಾರದ ಕಡೆ ಗಿಡಗಳಿಗೆ ಎಲೆಮುದುರು ರೋಗ, ಬೇರೆ ಕಡೆ ಮಳೆಯ ಕಾಟ. ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿಯ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತು.

ನಮ್ಮನೆ ಸಾರಿನಲ್ಲಿ ಹುಣಸೆಹಣ್ಣು ಜಾಸ್ತಿಯಾಯಿತು. ಬೀದಿ ಕೊನೆಯ ದರ್ಶಿನಿಯವರು ಬೋರ್ಡಿನಲ್ಲಿದ್ದ ಟೊಮೆಟೊ ಬಾತ್ ಅಳಿಸಿ ಚಿತ್ರಾನ್ನ ಬರೆದರು. ‘ಕೆಂಪು ಚಟ್ನಿ ಇಲ್ವಾ?’ ಅಂತ ಕೇಳಿದರೆ, ‘ಮುಂದಿನ ವಾರ ಸಾರ್’. ಅವರಾದರೂ ಏನು ಮಾಡಿಯಾರು? ಇಡ್ಲಿಗೆ ಐದು ರೂಪಾಯಿ ಏರಿಸಿದರೆ ಗಿರಾಕಿ ಎದುರಿನ ಹೋಟೆಲಿಗೆ ದಾಟುತ್ತಾನೆ. ಏರಿಸದಿದ್ದರೆ ಗಲ್ಲಾ ಖಾಲಿ.

ವಿಷಯ ಅಡುಗೆಮನೆಗೇ ಮುಗಿದಿದ್ದರೆ ಪರವಾಗಿರಲಿಲ್ಲ. ಹಣದುಬ್ಬರದ ಲೆಕ್ಕದಲ್ಲಿ ಆಗ ಊಟ-ತಿಂಡಿಯದೇ ಹತ್ತಿರ ಹತ್ತಿರ ಅರ್ಧ ಪಾಲು. ಆ ಜುಲೈನಲ್ಲಿ ಹಣದುಬ್ಬರ ಶೇ 7.44ಕ್ಕೆ ಏರಿತು. ರಿಸರ್ವ್ ಬ್ಯಾಂಕಿನ ಗುರಿ ಶೇ 4, ಮಿತಿ ಶೇ 6. ಹೀಗಿರುವಾಗ ಬಡ್ಡಿ ಇಳಿಸಿ ಅಂತ ಯಾವ ಬಾಯಲ್ಲಿ ಕೇಳುವುದು? ಅದಕ್ಕೂ ಮುಂಚೆಯೇ, 2022ರ ಮೇನಿಂದ ಒಂಬತ್ತೇ ತಿಂಗಳಲ್ಲಿ, ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಶೇ 4ರಿಂದ 6.5ಕ್ಕೆ ಏರಿ ಕೂತಿತ್ತು.

ಮನೆ ಸಾಲದವರಿಗೆ ಆಗ ಬ್ಯಾಂಕಿನಿಂದ ಬಂದ ಮೆಸೇಜು ನೋಡಬೇಕಿತ್ತು. ಕಂತು ಏರಿಲ್ಲ, ಹೆದರಬೇಡಿ. ಸಾಲದ ಅವಧಿ ಮಾತ್ರ ‘ಹೊಂದಿಸಲಾಗಿದೆ’. ಎಷ್ಟು ಮರ್ಯಾದೆಯ ಮಾತು ಅಲ್ವಾ? ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಶೇ 6.75ರ ಬಡ್ಡಿಗೆ 20 ವರ್ಷಕ್ಕೆ 30 ಲಕ್ಷ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 22,811 ರೂಪಾಯಿ. ಬಡ್ಡಿ ಎರಡೂವರೆ ಏರಿ ಶೇ 9.25 ಆದರೆ, 30 ಲಕ್ಷಕ್ಕೆ ತಿಂಗಳ ಬಡ್ಡಿಯೇ 23,125. ಅಂದರೆ ಸಾಲದ ಹೊಸದರಲ್ಲಿ ಕಟ್ಟಿದ ಕಂತು ಬಡ್ಡಿಯ ಬಾಯಿಗೇ ಸಾಕಾಗುವುದಿಲ್ಲ, ಅಸಲು ಅಲುಗುವುದಿಲ್ಲ. ನಿವೃತ್ತಿಯ ಹೊತ್ತಿಗೆ ತೀರಬೇಕಿದ್ದ ಸಾಲ ಪಿಂಚಣಿಯ ಜೊತೆಗೂ ನಡೆಯುತ್ತದೆ. ಕಂತು ಏರಿಸಬೇಕೋ ಅವಧಿ ಹಿಗ್ಗಿಸಬೇಕೋ ಅಂತ ಸಾಲಗಾರನನ್ನೇ ಕೇಳಿ ಎಂದು ರಿಸರ್ವ್ ಬ್ಯಾಂಕ್ ಆ ಆಗಸ್ಟಿನಲ್ಲಿ ಹೇಳಬೇಕಾಯಿತು.

ಇತ್ತ ಟೊಮೆಟೊ ಎರಡೇ ತಿಂಗಳಲ್ಲಿ ನೆಲ ಕಚ್ಚಿತು. ಬೆಳೆದವನಿಗೆ ಕೊಯ್ಲಿನ ಕೂಲಿಯೂ ಹುಟ್ಟದ ಸ್ಥಿತಿ. ರೆಪೊ ಮೊದಲ ಸಲ ಇಳಿಯಲು ಮಾತ್ರ 2025ರ ಫೆಬ್ರುವರಿ ಬರಬೇಕಾಯಿತು. ಏರುವಾಗ ಲಿಫ್ಟು, ಇಳಿಯುವಾಗ ಮೆಟ್ಟಿಲು.

ಇಳಿಯಿತಲ್ಲ ಅಂತ ನಾನು ಪೇಪರ್ ಹಿಡಿದು ಹಿಗ್ಗುತ್ತಿದ್ದೆ. ಅಮ್ಮನ ಮುಖ ಸಪ್ಪಗಿತ್ತು. ಅವರ ಎಫ್‌ಡಿ ಮುಂದಿನ ತಿಂಗಳು ನವೀಕರಣಕ್ಕಿತ್ತು, ಇನ್ನು ಅದರ ಬಡ್ಡಿಯೂ ಇಳಿಯುವ ಭಯ. ‘ನಿನಗೆ ಕಂತು ಇಳಿಯುತ್ತೆ ಸರಿ, ನನ್ನ ಬಿಪಿ ಮಾತ್ರೆಗೆ ಆ ಗವರ್ನರ್ ದುಡ್ಡು ಕಳಿಸ್ತಾರಾ?’ ಎಂದರು.