ಮನೆಯೇ ಕಚೇರಿಯಾದರೂ ತಲೆ ಬಾಚಿಕೊಳ್ಳಿ

ಮನೆಯಿಂದ ಕೆಲಸ ಮಾಡುವವರು ಬೆಳಿಗ್ಗೆ ಸ್ನಾನ ಮುಗಿಸಿ, ತಲೆ ಬಾಚಿ, ಒಗೆದ ಬಟ್ಟೆ ತೊಟ್ಟುಕೊಂಡೇ ಲ್ಯಾಪ್‌ಟಾಪ್ ಮುಂದೆ ಕೂರಬೇಕು ಎಂದು ನಾನು ಹೇಳಿದಾಗಲೆಲ್ಲ ಎದುರಿನಿಂದ ಬರುವ ಪ್ರಶ್ನೆ ಒಂದೇ: "ಯಾರು ನೋಡುತ್ತಾರೆ?"

ರಾಯಚೂರಿನಲ್ಲಿ ಕುಳಿತು ಬೆಂಗಳೂರಿನ ಕಂಪನಿಯೊಂದರ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ನನ್ನದು. 2020ರ ಮಾರ್ಚ್‌ನಲ್ಲಿ ಜನತಾ ಕರ್ಫ್ಯೂ, ಅದರ ಬೆನ್ನಿಗೇ 21 ದಿನಗಳ ಲಾಕ್‌ಡೌನ್ ಬಂದಾಗ ಗಂಟುಮೂಟೆ ಕಟ್ಟಿಕೊಂಡು ಊರು ಸೇರಿದ ಸಾವಿರಾರು ಕುಟುಂಬಗಳಲ್ಲಿ ನಮ್ಮದೂ ಒಂದು. ಆಮೇಲೆ ಕಂಪನಿ ವಾಪಸ್ ಕರೆಯಲಿಲ್ಲ, ನಾವೂ ಹೋಗಲಿಲ್ಲ. ಇಷ್ಟು ವರ್ಷ ಹೀಗೆ ಕೆಲಸ ಮಾಡಿದ ಮೇಲೆ ಆ ಪ್ರಶ್ನೆಗೆ ನನ್ನ ಬಳಿ ಖಚಿತ ಉತ್ತರವಿದೆ. ನೋಡುವವರು ಇದ್ದಾರೆ. ಎಲ್ಲರಿಗಿಂತ ಮೊದಲು ನೋಡುವವರು ಮನೆಯವರು.

ನಮ್ಮ ಊರಿನ ಎಷ್ಟು ಮನೆಗಳಲ್ಲಿ ಕೆಲಸಕ್ಕೆಂದೇ ಬೇರೆ ಕೋಣೆ ಇದೆ? ಪಡಸಾಲೆಯಲ್ಲಿ ಟಿವಿ, ಅಲ್ಲೇ ಮಾವನವರ ಮಂಚ, ಅಲ್ಲೇ ಮಕ್ಕಳ ಓದು, ಅಲ್ಲೇ ಮೂಲೆಯಲ್ಲಿ ನಮ್ಮ ಮೇಜು. ಬೆಂಗಳೂರಿನ ಸಹೋದ್ಯೋಗಿಗಳು ಬಾಗಿಲು ಹಾಕಿಕೊಂಡು ಕೆಲಸ ಮಾಡಿ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಹಾಕಿಕೊಳ್ಳಲು ಬಾಗಿಲು ಬೇಕಲ್ಲ! ಇಂಥ ಮನೆಗಳಲ್ಲಿ ನಾವು ತೊಟ್ಟ ಬಟ್ಟೆಯೇ ನಮ್ಮ ಬಾಗಿಲು. ಹೆಣ್ಣುಮಕ್ಕಳಿಗಂತೂ ಇದು ನೂರಕ್ಕೆ ನೂರು ನಿಜ. ನೈಟಿಯಲ್ಲಿ ಕೂತ ಸೊಸೆ ಮನೆಯಲ್ಲೇ ಇರುವ ಸೊಸೆ. ಹಾಲು ಉಕ್ಕದಂತೆ ನೋಡಿಕೊಳ್ಳುವವಳು ಅವಳು, ಸಿಲಿಂಡರ್ ಬಂದರೆ ಎದ್ದು ಹೋಗುವವಳು ಅವಳು, ಮೇಲಿನ ಮನೆಯವರು ಕರೆದರೆ ಅರಿಶಿನ ಕುಂಕುಮಕ್ಕೆ ಹೋಗಿ ಬರಬೇಕಾದವಳೂ ಅವಳೇ. ಅದೇ ಸೊಸೆ ಇಸ್ತ್ರಿ ಮಾಡಿದ ಚೂಡಿದಾರ ತೊಟ್ಟು, ಬಿಗಿಯಾಗಿ ಹೆರಳು ಹಾಕಿಕೊಂಡು ಕೂತರೆ ಅವಳು ಕೆಲಸಕ್ಕೆ ಹೋದವಳು.

ನಮ್ಮ ಅತ್ತೆಯವರಿಗೆ ಲ್ಯಾಪ್‌ಟಾಪಿನ ಪರದೆ ನೋಡಿ ಯಾವುದು ಮೀಟಿಂಗ್, ಯಾವುದು ಬಿಡುವು ಎಂದು ತಿಳಿಯುವುದಿಲ್ಲ. ತಿಳಿಯಬೇಕೆಂದು ನಾನು ಬಯಸುವುದೂ ಸರಿಯಲ್ಲ. ಆದರೆ ನಾನು ಸ್ನಾನ ಮಾಡಿ, ಹಣೆಗೆ ಇಟ್ಟುಕೊಂಡು, ಕಾಲರ್ ಇರುವ ಕುರ್ತಾ ತೊಟ್ಟು ಕೂತಿದ್ದನ್ನು ಕಂಡರೆ ಅವರು ಟಿವಿಯ ದನಿ ತಗ್ಗಿಸುತ್ತಾರೆ. ಬಾಗಿಲಿಗೆ ಬಂದವರಿಗೆ "ಆಕೆ ಡ್ಯೂಟಿ ಮೇಲಿದ್ದಾಳೆ, ಸಂಜೆ ಬನ್ನಿ" ಎನ್ನುತ್ತಾರೆ. ನಾನು ಯಾವತ್ತೂ ಅವರನ್ನು ಹೀಗೆ ಹೇಳಿ ಎಂದು ಕೇಳಿಕೊಂಡವಳಲ್ಲ. ಒಂದು ಸಂಬಳದ ಕೆಲಸಕ್ಕೆ ಮನೆಯಲ್ಲಿ ಎಷ್ಟು ಮರ್ಯಾದೆ ಸಿಗುತ್ತದೆ ಎಂಬುದು ಆ ಕೆಲಸ ಮಾಡುವವರು ಅದಕ್ಕೆ ಎಷ್ಟು ಸಿದ್ಧರಾಗಿ ಕೂರುತ್ತಾರೆ ಎಂಬುದರ ಮೇಲೂ ನಿಂತಿರುತ್ತದೆ.

ನಮ್ಮ ಕಡೆ ಈ ಸಿದ್ಧತೆ ಸುಲಭದ ಮಾತಲ್ಲ ಎಂಬುದನ್ನೂ ಹೇಳಬೇಕು. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ನೆಲವನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದವು. ಎರಡು ಹೊಳೆಗಳ ನಡುವೆ ಇದ್ದೂ ನಮ್ಮ ಎಷ್ಟೋ ಓಣಿಗಳಿಗೆ ನಳದ ನೀರು ದಿನವೂ ಬರುವುದಿಲ್ಲ. ಉಳಿದ ದಿನ ಬೋರ್‌ವೆಲ್ಲಿನ ಸವಳು ನೀರೇ ಗತಿ. ಈ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಹೆಚ್ಚಿರುವುದರಿಂದ ಸೋಪು ನೊರೆ ಬಿಡದೆ ಒಂದು ಬಗೆಯ ಜಿಡ್ಡಾಗಿ ಮೈಗೆ ಅಂಟುತ್ತದೆ, ಕೂದಲು ಒರಟಾಗುತ್ತದೆ, ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಕಚೇರಿಗೆ ಹೋಗುವ ದಿನಗಳಲ್ಲಿ ಇದನ್ನೆಲ್ಲ ಸಹಿಸಿ ಸ್ನಾನ ಮಾಡುತ್ತಿದ್ದವರು ಮನೆಯಲ್ಲಿ ಕೂತ ಮೇಲೆ "ನಾಳೆ ನಳ ಬರುತ್ತದೆ, ನಾಳೆ ಮಾಡಿದರಾಯಿತು" ಎನ್ನತೊಡಗುತ್ತಾರೆ. ನಳ ಬಂದ ದಿನ ಒಂದು ಕೊಡ ಸಿಹಿನೀರನ್ನು ಬಚ್ಚಲಿಗೆಂದೇ ತೆಗೆದಿಡಿ. ಮೈಗೆ ಸವಳು ನೀರಾದರೂ ಸರಿ, ಕೊನೆಯ ಎರಡು ತಂಬಿಗೆ ಸಿಹಿನೀರು ತಲೆಯ ಮೇಲೆ ಬೀಳಲಿ. ತಲೆಗೆ ಎರೆದುಕೊಳ್ಳುವ ಮುಂಚೆ ಕೂದಲಿಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿದರೆ ಇನ್ನೂ ಒಳ್ಳೆಯದು. ಬಾಚಣಿಗೆ ಸರಾಗವಾಗಿ ಇಳಿಯುವುದು ಆಗಲೇ ಗೊತ್ತಾಗುತ್ತದೆ.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಕಡೆ ತಾಪಮಾನ 40 ಡಿಗ್ರಿ ದಾಟುವುದು ಹೊಸದೇನಲ್ಲ. ರಾತ್ರಿ ತೊಟ್ಟು ಮಲಗಿದ ಬನಿಯನ್ನಿನಲ್ಲೋ ನೈಟಿಯಲ್ಲೋ ಕೂಲರ್ ಮುಂದೆ ಸಂಜೆಯವರೆಗೂ ಕೂತರೆ ಏನಾಗುತ್ತದೆ ಎಂಬುದನ್ನು ಚರ್ಮದ ವೈದ್ಯರ ಬಳಿ ಕೇಳಿ. ಬೆವರಿನ ದಾರಿ ಕಟ್ಟಿಕೊಂಡು ಬೆವರುಸಾಲೆ ಏಳುತ್ತದೆ. ತೊಡೆಸಂದು, ಕಂಕುಳುಗಳಲ್ಲಿ ಒದ್ದೆ ಹಾಗೇ ಉಳಿದರೆ ಗಜಕರ್ಣ ಶುರುವಾಗುತ್ತದೆ. ಅದಕ್ಕೆ ನಮ್ಮವರು ಮೆಡಿಕಲ್ ಅಂಗಡಿಯಲ್ಲಿ ಬಾಯಿಮಾತಿನಲ್ಲೇ ಕೇಳಿ ಮುಲಾಮು ತರುತ್ತಾರೆ. ಅದರಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ತುರಿಕೆ ಮೊದಲು ತಣ್ಣಗಾದಂತೆ ಕಂಡು, ಆಮೇಲೆ ಕಜ್ಜಿ ಇಮ್ಮಡಿಯಾಗಿ ಹರಡುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಹಗಲು ಒಮ್ಮೆ, ಸಂಜೆ ಒಮ್ಮೆ ಮೈಗೆ ನೀರು, ಒಗೆದು ಬಿಸಿಲಿನಲ್ಲಿ ಒಣಗಿಸಿದ ಸಡಿಲ ಹತ್ತಿ ಬಟ್ಟೆ, ಇಷ್ಟು ಸಾಕು. ಮನೆಯಲ್ಲಿ ಟೆರಿಕಾಟ್ ಶರ್ಟು ಹಾಕಿ ಬೆಲ್ಟು ಬಿಗಿದು ಕೂರಿ ಎಂದು ನಾನು ಹೇಳುತ್ತಿಲ್ಲ. ರಾತ್ರಿಯ ಬಟ್ಟೆ ಬೇರೆ, ಹಗಲಿನ ಬಟ್ಟೆ ಬೇರೆ ಇರಲಿ ಎನ್ನುತ್ತಿದ್ದೇನೆ.

ಬಟ್ಟೆಯಿಂದ ಮನಸ್ಸು ಬದಲಾಗುತ್ತದೆಯೇ ಎಂದು ಕೇಳುವವರಿದ್ದಾರೆ. 2012ರಲ್ಲಿ ಹಾಜೋ ಆಡಮ್ ಮತ್ತು ಆಡಮ್ ಗ್ಯಾಲಿನ್ಸ್ಕಿ ಎಂಬ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದ್ದರು. ವೈದ್ಯರ ಕೋಟು ಎಂದು ಹೇಳಿ ಬಿಳಿ ಕೋಟು ತೊಡಿಸಿದವರು, ಅದೇ ಕೋಟನ್ನು ಚಿತ್ರಕಾರರದು ಎಂದು ಹೇಳಿ ತೊಡಿಸಿದವರಿಗಿಂತ ಹೆಚ್ಚು ಗಮನವಿಟ್ಟು ಕೆಲಸ ಮಾಡಿದರಂತೆ. ಆ ಅಧ್ಯಯನದ ಒಂದು ಪ್ರಯೋಗವನ್ನು ಬೇರೆಯವರು ಮತ್ತೆ ಮಾಡಿ ನೋಡಿದಾಗ ಅದೇ ಫಲ ಬರಲಿಲ್ಲ. ಹಾಗಾಗಿ ನಾನು ಅದನ್ನು ಹಿಡಿದು ವಾದಿಸುವುದಿಲ್ಲ. ನನಗೆ ಗಟ್ಟಿಯಾಗಿ ಕಾಣುವುದು ದೇಹದ ಗಡಿಯಾರದ ವಿಚಾರ. 2017ರ ವೈದ್ಯಕೀಯ ನೊಬೆಲ್ ಸಿಕ್ಕಿದ್ದು ಈ ಗಡಿಯಾರ ಒಳಗೊಳಗೆ ಹೇಗೆ ನಡೆಯುತ್ತದೆ ಎಂದು ಕಂಡುಹಿಡಿದ ಮೂವರಿಗೆ. ಹಸಿವು, ನಿದ್ದೆ, ಮೈಯ ಶಾಖ ಎಲ್ಲಕ್ಕೂ ಅದರದೇ ತಾಳ, ಆ ತಾಳವನ್ನು ದಿನದಿನವೂ ಸರಿಪಡಿಸುವುದು ಬೆಳಗಿನ ಬೆಳಕು. ಬಸ್ಸು ಹಿಡಿಯಲು ಓಡುವಾಗ ಆ ಬೆಳಕು ಪುಕ್ಕಟೆಯಾಗಿ ಮೈಮೇಲೆ ಬೀಳುತ್ತಿತ್ತು. ಹಾಸಿಗೆಯಿಂದ ನೇರ ಪರದೆಗೆ ಬಂದವರಿಗೆ ಅದು ಸಿಗುವುದಿಲ್ಲ, ರಾತ್ರಿ ಒಂದಾದರೂ ಕಣ್ಣು ಮುಚ್ಚುವುದಿಲ್ಲ. ಆದ್ದರಿಂದ ಕೋಟೆಯ ಕಡೆಗೋ ಮಾವಿನಕೆರೆಯ ಕಡೆಗೋ ಒಂದು ಸುತ್ತು ಹಾಕಿ ಬನ್ನಿ, ಅದೂ ಆಗದಿದ್ದರೆ ಹಲ್ಲುಜ್ಜುವುದನ್ನಾದರೂ ಮಾಳಿಗೆಯ ಮೇಲೆ ನಿಂತು ಮಾಡಿ. ಬೇಸಿಗೆಯಲ್ಲಿ ಏಳು ಗಂಟೆಯೊಳಗೆ ಇದು ಮುಗಿಯಬೇಕು, ಆಮೇಲೆ ನಮ್ಮ ಊರಿನ ಸೂರ್ಯನ ಮುಂದೆ ನಿಲ್ಲುವುದು ಕಷ್ಟ.

ಗಂಡಸರ ಗಡ್ಡದ ವಿಷಯಕ್ಕೆ ಬರುತ್ತೇನೆ. ಗಡ್ಡ ಬಿಡುವುದು ಅವರವರ ಇಷ್ಟ. ಬಿಟ್ಟ ಗಡ್ಡಕ್ಕೂ ಕತ್ತರಿ ಬೇಕು, ಉಗುರಿಗೂ ಬೇಕು. ಕಟಿಂಗ್ ಅಂಗಡಿಗೆ ಹೋಗುವುದನ್ನು ಬಿಟ್ಟವರು ಇನ್ನೊಂದನ್ನು ಮರೆಯುತ್ತಾರೆ. ನಾವು ಮನೆಯಲ್ಲಿ ಕೂತಾಗ ಯಾರ ಒಲೆ ಆರಿತು ಎಂಬುದು 2020ರಲ್ಲಿ ಕಣ್ಣಿಗೆ ರಾಚುವಂತೆ ಕಂಡಿತ್ತು. ಆ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿದ 1,610 ಕೋಟಿ ರೂಪಾಯಿಗಳ ಪರಿಹಾರದಲ್ಲಿ ಸುಮಾರು 2,30,000 ಕ್ಷೌರಿಕರಿಗೂ 60,000 ಮಡಿವಾಳರಿಗೂ ತಲಾ 5,000 ರೂಪಾಯಿ ಕೊಡುವ ಮಾತಿತ್ತು. ಕತ್ತರಿ ಹಿಡಿಯುವ ಕೈ, ಇಸ್ತ್ರಿ ಪೆಟ್ಟಿಗೆಗೆ ಇದ್ದಿಲು ತುಂಬುವ ಕೈ ಎರಡೂ ನಮ್ಮ ದಿನಚರಿಯನ್ನೇ ನಂಬಿಕೊಂಡಿವೆ ಎಂದು ಸರ್ಕಾರಿ ಲೆಕ್ಕದಲ್ಲೇ ದಾಖಲಾದಂತಾಯಿತು. ಆ ಅಂಗಡಿಯ ಮರದ ಬೆಂಚಿನ ಮೇಲೆ ಸರದಿ ಕಾಯುತ್ತ ಪೇಪರ್ ಓದುವುದು, ಭತ್ತದ ರೇಟು, ಹತ್ತಿಯ ರೇಟು, ಯಾರ ಮಗಳ ಮದುವೆ ಎಂದು ನಾಲ್ಕು ಮಾತು ಕೇಳಿಸಿಕೊಳ್ಳುವುದು, ಇವೂ ಮನುಷ್ಯನಿಗೆ ಬೇಕು. ಇಡೀ ದಿನ ಹೆಡ್‌ಫೋನಿನೊಳಗಿನ ದನಿಗಳನ್ನೇ ಕೇಳುವವರಿಗೆ ಇನ್ನೂ ಹೆಚ್ಚಾಗಿ ಬೇಕು.

ನಮ್ಮ ಓಣಿಯಲ್ಲಿ ಒಬ್ಬ ಹುಡುಗನಿದ್ದಾನೆ. ಕಾಲೇಜು ಮುಗಿಸಿದವನೇ ಮನೆಯಿಂದಲೇ ಕೆಲಸಕ್ಕೆ ಸೇರಿದ, ತನ್ನ ಕಚೇರಿಯ ಬಾಗಿಲನ್ನು ಅವನು ಕಂಡೇ ಇಲ್ಲ. ಒಂದು ದಿನ ಅವನ ತಾಯಿ ನನ್ನ ಕೈ ಹಿಡಿದುಕೊಂಡು, "ಊಟ ಕೋಣೆಗೇ ಕೊಡಬೇಕು, ಸ್ನಾನ ಮಾಡಪ್ಪ ಎಂದರೆ ಸಿಟ್ಟಾಗುತ್ತಾನೆ, ನೀನಾದರೂ ಹೇಳವ್ವ" ಎಂದರು. ಸಂಜೆ ಕಟ್ಟೆಯ ಮೇಲೆ ಕೂರಿಸಿಕೊಂಡು ಮಾತನಾಡಿಸಿದೆ. ಉಗುರುಗಳು ಬೆಳೆದಿದ್ದವು, ಶರ್ಟಿನ ಗುಂಡಿ ಒಂದಕ್ಕೊಂದು ತಪ್ಪಿತ್ತು. ಅವನು ನೆಲ ನೋಡುತ್ತ ಕೇಳಿದ: "ಅಕ್ಕಾ, ಎದ್ದು ಸಿದ್ಧನಾಗಿ ಎಲ್ಲಿಗೆ ಹೋಗಬೇಕು?"

ಆ ಪ್ರಶ್ನೆಯನ್ನು ಸೋಮಾರಿತನ ಎಂದು ತಳ್ಳಿಹಾಕುವವರ ಮೇಲೆ ನನಗೆ ಕೋಪ ಬರುತ್ತದೆ. ಮೊದಲು ಅಚ್ಚುಕಟ್ಟಾಗಿದ್ದವರು ಸ್ನಾನ, ಬಾಚಣಿಗೆ, ಬಟ್ಟೆ ಬದಲಿಸುವುದನ್ನು ವಾರಗಟ್ಟಲೆ ಬಿಟ್ಟುಬಿಟ್ಟರೆ, ಜೊತೆಗೆ ನಿದ್ದೆ ಊಟ ಏರುಪೇರಾದರೆ, ಯಾವುದರಲ್ಲೂ ಆಸಕ್ತಿ ಇಲ್ಲದಂತಾದರೆ ಅದು ಖಿನ್ನತೆಯ ಲಕ್ಷಣವಾಗಿರಬಹುದು. ಅಂಥವರಿಗೆ ಶಿಸ್ತಿನ ಪಾಠ ಹೇಳಬಾರದು. ಅವರ ಪಕ್ಕ ಕೂತು ಮಾತನಾಡಿಸಬೇಕು, ವೈದ್ಯರ ಬಳಿ ಕರೆದುಕೊಂಡು ಹೋಗಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತನಾಡಬಹುದು. ಆ ಹುಡುಗನನ್ನು ತಾಯಿ ಈಗ ವೈದ್ಯರಿಗೆ ತೋರಿಸುತ್ತಿದ್ದಾರೆ. ಈ ಬರಹ ಓದುವವರ ಮನೆಯಲ್ಲಿ ಅಂಥವರಿದ್ದರೆ ಆ ನಂಬರನ್ನು ಇವತ್ತೇ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.

ಕ್ಯಾಮೆರಾದ ಮುಂದೆ ಚೆನ್ನಾಗಿ ಕಾಣಬೇಕು ಎಂಬ ಕಾರಣವನ್ನು ನಾನು ಇದುವರೆಗೂ ಎತ್ತಲಿಲ್ಲ, ಏಕೆಂದರೆ ಅದು ನನಗೆ ಮುಖ್ಯವಲ್ಲ. ಮನೆಯಲ್ಲಿ ಕೂತವರಿಗೂ ಇಂಥದೇ ಬಣ್ಣದ ಶರ್ಟು ಹಾಕಿ, ಹಿಂದೆ ಖಾಲಿ ಗೋಡೆ ಇರಲಿ, ಇಡೀ ದಿನ ಕ್ಯಾಮೆರಾ ಆನ್ ಇರಲಿ ಎಂದು ಕಟ್ಟಳೆ ಮಾಡುವ ಮೇಲಧಿಕಾರಿಗಳನ್ನು ನಾನು ಒಪ್ಪುವುದಿಲ್ಲ. ಪರದೆಯಲ್ಲಿ ತನ್ನ ಮುಖವನ್ನೇ ತಾನು ಗಂಟೆಗಟ್ಟಲೆ ನೋಡುವುದು ದಣಿವು ತರುವ ಕಾರಣಗಳಲ್ಲಿ ಒಂದು ಎಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್ಸನ್ 2021ರಲ್ಲಿ ಬರೆದಿದ್ದರು. ನಮ್ಮ ಮುಖ ನಮಗೆ ಕಾಣದಂತೆ ಮಾಡುವ ಆಯ್ಕೆ ಆ ಆ್ಯಪ್‌ಗಳಲ್ಲೇ ಇರುತ್ತದೆ, ಬಳಸಿ.

ಬೆಳಿಗ್ಗೆ ಸಿದ್ಧರಾಗುವಷ್ಟೇ ಮುಖ್ಯ ಸಂಜೆ ಆ ಬಟ್ಟೆ ಕಳಚುವುದು. ದೀಪ ಹಚ್ಚುವ ಹೊತ್ತಿಗೆ ಕೈಕಾಲು ಮುಖ ತೊಳೆದು ಮನೆಯ ಬಟ್ಟೆ ತೊಟ್ಟರೆ ಲ್ಯಾಪ್‌ಟಾಪ್ ಮತ್ತೆ ತೆರೆಯಲು ಕೈ ಹೋಗುವುದಿಲ್ಲ, ಮಗಳೂ ಹೋಮ್‌ವರ್ಕ್ ಹಿಡಿದು ಹತ್ತಿರ ಬರುತ್ತಾಳೆ. ಅಮೆರಿಕದ ಹೊತ್ತಿಗೆ ಕೆಲಸ ಮಾಡುವವರಿಗೆ ಈ ದಿನಚರಿ ತಲೆಕೆಳಗಾಗುತ್ತದೆ. ಅವರು ಸಂಜೆ ಸ್ನಾನ ಮಾಡಿ ಕೂರಲಿ, ಕೆಲಸ ಮುಗಿದ ಮೇಲೆ ಬಟ್ಟೆ ಬದಲಿಸಿ ಮಲಗಲಿ. ಹೊತ್ತು ಯಾವುದಾದರೂ ಸರಿ, ಶುರು ಮತ್ತು ಮುಗಿತಾಯ ಎರಡೂ ಗೊತ್ತಾಗಬೇಕು.

ಕೊನೆಗೆ ಒಂದು ಕೆಲಸದ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಸರ್ಕಾರಿ ಕಚೇರಿಗಳು ಬಿಸಿಲಿನ ಕಾರಣಕ್ಕೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದು ನಿಮಗೆಲ್ಲ ಗೊತ್ತು. ಖಾಸಗಿ ಕಂಪನಿಗಳಿಗೆ ಮನೆಯಿಂದ ಕೆಲಸ ಮಾಡುವ ನಾವು ಮಾತ್ರ ಅದೇ ಬಿಸಿಲಿನಲ್ಲಿ, ಅದೇ ಕಾದ ಚಾವಣಿಯ ಕೆಳಗೆ, ಬೆಂಗಳೂರಿನ ತಂಪಿಗೆ ಹೊಂದಿಸಿದ ವೇಳಾಪಟ್ಟಿಯಲ್ಲಿ ಬೇಯುತ್ತೇವೆ. ಬಾಯಿ ಬಿಟ್ಟು ಕೇಳಿ. ನಾನು ಬೆಳಿಗ್ಗೆ ಏಳಕ್ಕೆ ಶುರು ಮಾಡಿ, ಮಧ್ಯಾಹ್ನ ದೊಡ್ಡ ಬಿಡುವು ತೆಗೆದುಕೊಂಡು, ತಂಪಾದ ಮೇಲೆ ಉಳಿದದ್ದನ್ನು ಮುಗಿಸುತ್ತೇನೆ ಎಂದು ಕೇಳಿಕೊಂಡೆ. ಸರ್ಕಾರದ ಆದೇಶದ ಪ್ರತಿಯನ್ನೂ ಮೇಲ್‌ಗೆ ಜೋಡಿಸಿದ್ದೆ. ಒಪ್ಪಿದರು. ರಾಯಚೂರು, ಸಿಂಧನೂರು, ಗಂಗಾವತಿ, ಸಿರುಗುಪ್ಪ, ಎಲ್ಲಿಂದಲಾದರೂ ಕೆಲಸ ಮಾಡುವವರು ಮಾರ್ಚ್ ತಿಂಗಳಲ್ಲೇ ಈ ಮೇಲ್ ಕಳಿಸಿ. ಏಪ್ರಿಲ್ ಶುರುವಾದ ಮೇಲೆ ಕಳಿಸಿದರೆ ಅನುಮತಿ ಕೈಗೆ ಬರುವಷ್ಟರಲ್ಲಿ ಅರ್ಧ ಬೇಸಿಗೆ ಮುಗಿದಿರುತ್ತದೆ.